ಗಣಕದ ಪರದೆಯ ಪಾಠ: ಯಾವ ತಂತ್ರಾಂಶ ಲೇಸು?

ಸಾವಳಗಿಯಂಥ ಊರಿನ ಶಿಕ್ಷಕರು ಗಣಕದ ಪರದೆಯ ಮೇಲೆ ಗಣಿತದ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಧ್ವನಿಸಹಿತ ದಾಖಲಿಸಿಟ್ಟರೆ, ಶಾಲೆ ತಪ್ಪಿದ ಮಗುವೂ ಮನೆಯಲ್ಲಿಯೇ ಕಲಿಯಬಲ್ಲದು. ಆದರೆ ತಂತ್ರಾಂಶದ ಆಯ್ಕೆಯಲ್ಲಿ ವಿವೇಕ ಬೇಕು.

ವಿಂಡೋಸ್ 10ರ ಗೇಮ್ ಬಾರ್ ಒಂದೇ ಕಿಟಕಿಯನ್ನು ದಾಖಲಿಸುತ್ತದೆ, ಇಡೀ ಪರದೆಯನ್ನಲ್ಲ. ಕೆಲವು ‘ಉಚಿತ’ ತಂತ್ರಾಂಶಗಳು ಚಿತ್ರದ ಮೇಲೆ ತಮ್ಮ ಮುದ್ರೆಯೊತ್ತುತ್ತವೆ. 2012ರಲ್ಲಿ ಹೊರಬಂದ ಓಬಿಎಸ್‌ಗೆ ಹಣವಿಲ್ಲ, ಮುದ್ರೆಯಿಲ್ಲ, ಕಾಲಮಿತಿಯೂ ಇಲ್ಲ. ಅದರಲ್ಲಿ ಕಡತದ ರೂಪವನ್ನು ಎಂಕೆವಿ ಎಂದು ಆರಿಸಿರಿ. ನಡುವೆ ವಿದ್ಯುತ್ ಹೋದರೂ ಅದುವರೆಗಿನ ಪಾಠ ಉಳಿಯುತ್ತದೆ. ಸಾಮಾನ್ಯ ಎಂಪಿ4 ಆದರೆ ಕಡತವೆಲ್ಲ ಕೆಡುವ ಅಪಾಯವುಂಟು. ಪಾಠ ಮುಗಿದ ಮೇಲೆ ಎಂಪಿ4ಗೆ ಪರಿವರ್ತಿಸಿಕೊಳ್ಳಬಹುದು.

ಮೊದಲು ಒಂದು ನಿಮಿಷ ದಾಖಲಿಸಿ, ಧ್ವನಿಯನ್ನು ಪರೀಕ್ಷಿಸಿರಿ. ಮಾತಿಲ್ಲದ ಪಾಠದಿಂದ ಮಗುವಿಗೇನು ಫಲ?