ಈರುಳ್ಳಿ ಸಿಪ್ಪೆಯ ಕೆಂಪು, ಕೋಸಿನ ನೀಲಿ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪು ಓಕುಳಿಯಾಗುವುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಸುಣ್ಣದ ಕ್ಷಾರಗುಣದಿಂದ ಆಗುವ ಮಾರ್ಪಾಡು ಅದು. ಯುರೋಪಿನಲ್ಲಿ ಈಸ್ಟರ್ ಹಬ್ಬಕ್ಕೆಂದು ಕೋಳಿಮೊಟ್ಟೆಗಳಿಗೆ ಬಣ್ಣ ಕಟ್ಟುವ ಗೃಹಿಣಿಯರೂ ಇಂಥದೇ ಒಂದು ಸಂಗತಿಯನ್ನು ಕಂಡುಕೊಂಡಿದ್ದಾರೆ: ಪಾತ್ರೆಯಲ್ಲಿ ಕಂಡ ಬಣ್ಣವೇ ಮೊಟ್ಟೆಗೆ ಹತ್ತಬೇಕೆಂದಿಲ್ಲ.

ಗ್ರೀಸಿನಲ್ಲಿ ಹಬ್ಬದ ಹಿಂದಿನ ಗುರುವಾರ ಮೊಟ್ಟೆಗಳಿಗೆ ಕೆಂಪು ಹಾಕುತ್ತಾರೆ. ಅಂಗಡಿಯ ಬಣ್ಣ ಬೇಡವೆನ್ನುವವರಿಗೆ ಈ ಕೆಂಪನ್ನು ಕೊಡುವುದು ಈರುಳ್ಳಿಯ ಒಣಸಿಪ್ಪೆ. ತಿಪ್ಪೆ ಸೇರಬೇಕಾದ ಹತ್ತು ಹನ್ನೆರಡು ಈರುಳ್ಳಿಗಳ ಸಿಪ್ಪೆಯನ್ನು ಕೂಡಿಟ್ಟು, ಅರ್ಧ ಗಂಟೆ ನೀರಿನಲ್ಲಿ ಕುದಿಸಿ ಸೋಸಬೇಕು. ಆರಿದ ಮೇಲೆ ಎರಡು ಚಮಚ ವಿನಿಗರ್ ಬೆರೆಸಿ, ಮೊಟ್ಟೆಗಳನ್ನು ಅದರಲ್ಲೇ ಸಣ್ಣ ಉರಿಯಲ್ಲಿ ಬೇಯಿಸಿದರೆ ಇಟ್ಟಿಗೆಗೆಂಪು ಏರುತ್ತದೆ. ಲಾತ್ವಿಯಾದ ಜನರ ಕ್ರಮ ಇನ್ನೂ ಸೊಗಸು. ಮೊಟ್ಟೆಗೆ ಎಳೆಯ ಎಲೆಯೊಂದನ್ನು ಒತ್ತಿ, ಸುತ್ತಲೂ ಸಿಪ್ಪೆಯಿಟ್ಟು, ತೆಳುಬಟ್ಟೆಯಲ್ಲಿ ಬಿಗಿದು ಬೇಯಿಸುತ್ತಾರೆ. ಎಲೆ ಅಂಟಿದ್ದೆಡೆ ಬಣ್ಣ ಹತ್ತದೆ ಅದರ ಆಕಾರವೇ ಮೂಡಿ ನಿಲ್ಲುತ್ತದೆ. ನಮ್ಮ ಕೊತ್ತಂಬರಿ ಸೊಪ್ಪು ಇದಕ್ಕೆ ಹೇಳಿಮಾಡಿಸಿದ್ದು.

ಹುಳಿ ಏಕೆ ಬೇಕು? ಚಿಪ್ಪಿನ ನೂರರಲ್ಲಿ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣಕಲ್ಲಿನ ದ್ರವ್ಯವೇ. ಅದರ ಮೇಲೊಂದು ಪ್ರೋಟೀನಿನ ತೆಳುಪೊರೆ. ವಿನಿಗರ್ ಈ ಪೊರೆಯನ್ನು ಬಣ್ಣ ಹಿಡಿಯುವಂತೆ ಹದಗೊಳಿಸುತ್ತದೆ. ಹೆಚ್ಚಾದರೆ ಚಿಪ್ಪನ್ನೇ ಕರಗಿಸುತ್ತದೆ. ಏಳುವ ಗುಳ್ಳೆಗಳು ಅದರ ಗುರುತು.

ನಿಜವಾದ ಸೋಜಿಗ ಕೆಂಪು ಎಲೆಕೋಸಿನದು. ಹೆಚ್ಚಿ ಕುದಿಸಿದಾಗ ಅದರ ನೀರು ನೇರಳೆ. ವಿನಿಗರ್ ಬೆರೆತೊಡನೆ ಗುಲಾಬಿ. ಬೆಂದ ಬಿಳಿಮೊಟ್ಟೆಯನ್ನು ಆ ಗುಲಾಬಿ ನೀರಿನಲ್ಲಿ ಇರುಳೆಲ್ಲ ಮುಳುಗಿಸಿಟ್ಟು ಬೆಳಿಗ್ಗೆ ತೆಗೆದರೆ ನೀಲಿ! ಕೋಸಿನ ವರ್ಣದ್ರವ್ಯವಾದ ಆಂಥೊಸಯನಿನ್ ಹುಳಿಯ ಸಂಗದಲ್ಲಿ ಕೆಂಪು, ಕ್ಷಾರದ ಸಂಗದಲ್ಲಿ ನೀಲಿ. ಸುಣ್ಣದ ಚಿಪ್ಪು ತನ್ನ ಮೈಯ ಬಳಿಯ ಹುಳಿಯನ್ನು ತಣಿಸಿಬಿಡುತ್ತದೆ. ನಾಟಿಕೋಳಿಯ ಕಂದು ಮೊಟ್ಟೆಯಲ್ಲಿ ಈ ನೀಲಿ ಮಂಕಾಗುತ್ತದೆ. ಅದಕ್ಕೆ ಈರುಳ್ಳಿಯೇ ಸರಿ. ಅರಿಶಿನ ಒಳ್ಳೆಯ ಹಳದಿ ಕೊಟ್ಟರೂ ಬಿಸಿಲಿಗೆ ಬಾಡುತ್ತದೆ. ಬೀಟ್‌ರೂಟ್ ನನಗೆ ಒಪ್ಪಿಗೆಯಿಲ್ಲ: ನೀರಿನ ಅಬ್ಬರ ಬಹಳ, ಮೊಟ್ಟೆಗೆ ಬರುವುದು ಮಾಸಲು ಗುಲಾಬಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ; ಹೊರಗಿನದು ಒಳಕ್ಕೂ ಇಳಿಯಬಲ್ಲದು. ತಿನ್ನುವ ಮೊಟ್ಟೆಗೆ ಬಟ್ಟೆಯ ಬಣ್ಣವಾಗಲಿ ಹೋಳಿಯ ಪುಡಿಯಾಗಲಿ ಸಲ್ಲದು. ನೆನೆಸುವ ಪಾತ್ರೆ ಫ್ರಿಜ್ಜಿನಲ್ಲಿರಲಿ. ಬೆಂದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ, ವಾರದೊಳಗೆ ತಿಂದು ಮುಗಿಸಬೇಕು. ಹಸಿ ಬಣ್ಣ ಒರೆಸಿದರೆ ಕೈಗೆ ಬರುತ್ತದೆ. ತಾನಾಗಿ ಒಣಗಿದ ಮೇಲೆ ಬಟ್ಟೆಯ ತುದಿಗೆ ಹನಿ ಎಣ್ಣೆ ತಾಗಿಸಿ ಹಗುರವಾಗಿ ಸವರಿದರೆ ಹೊಳಪು ಬರುತ್ತದೆ.