ಪಟ್ಟಿ ಬದಲಾದರೆ ಪರದೆಗೆ ತಿಳಿಸುವವರಾರು?

ಪುಣೆಯ ಹಿಂಜವಡಿಯಲ್ಲಿ ತಂತ್ರಾಂಶ ಬರೆಯುವ ನಮ್ಮ ಮಕ್ಕಳ ಕೆಲಸದ ಒಂದು ಸೂಕ್ಷ್ಮವನ್ನು ಇಲ್ಲಿ ಅರಿಯೋಣ. ಗಣಕದಲ್ಲಿ ಪಟ್ಟಿಯೇ ಬೇರೆ, ಅದನ್ನು ತೋರುವ ಪರದೆಯೇ ಬೇರೆ. 1979ರಲ್ಲಿ ನಾರ್ವೆಯ ಟ್ರೂಗ್ವೆ ರೀನ್ಸ್‌ಕೌಗ್ ಅವರು ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಈ ವಿಂಗಡಣೆಯನ್ನು ರೂಪಿಸಿದರು. ಪಟ್ಟಿ ಬದಲಾದೊಡನೆ, ಮೊದಲೇ ಹೆಸರು ನೋಂದಾಯಿಸಿದ ವೀಕ್ಷಕರಿಗೆಲ್ಲ ಸುದ್ದಿ ಮುಟ್ಟಬೇಕು. ಜಾವಾದ ಸ್ವಿಂಗ್‌ನಲ್ಲಿ ಈ ಸುದ್ದಿ ಮೂರು ಬಗೆ: ಸಾಲು ಸೇರಿತು, ಸಾಲು ಹೋಯಿತು, ಇದ್ದುದು ಬದಲಾಯಿತು, ಜೊತೆಗೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಲೆಕ್ಕ.

ಸದಸ್ಯರ ಪಟ್ಟಿಯಿಂದ ಮೂರನೆಯ ಹೆಸರನ್ನು ತೆಗೆದರೆ ನಾಲ್ಕನೆಯವರು ಮೂರನೆಯವರಾಗುತ್ತಾರೆ. ಸುದ್ದಿ ಮುಟ್ಟದಿದ್ದರೆ ಪರದೆ ಹಳೆಯ ಸಾಲುಗಳನ್ನೇ ತೋರುತ್ತಿರುತ್ತದೆ. ಅಲ್ಲಿ ನಾಲ್ಕನೆಯವರನ್ನು ಅಳಿಸಹೋದರೆ ಐದನೆಯವರು ಅಳಿಸಿಹೋದಾರು! ಆದುದರಿಂದ ಮೊದಲು ಪಟ್ಟಿಯನ್ನು ಬದಲಿಸಿ, ಒಡನೆಯೇ ತಿಳಿಸುವುದು ನಿಯಮ.