ಬಾಂಬಿನ ಸರಕು ಕಳ್ಳರ ಪಾಲಾಗದಿರಲಿ: 600 ಕಿಲೋ ಯುರೇನಿಯಂ ಸ್ಥಳಾಂತರದ ಕಥೆ

ಭಯೋತ್ಪಾದಕರು ಅಣುಬಾಂಬ್ ತಯಾರಿಸಬಲ್ಲರೇ? ಈ ಪ್ರಶ್ನೆಗೆ ಉತ್ತರ ಅವರ ಬುದ್ಧಿವಂತಿಕೆಯಲ್ಲಿಲ್ಲ, ಅವರ ಕೈಗೆ ಸಿಗುವ ಸರಕಿನಲ್ಲಿದೆ.

ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಬಾಂಬಿಗೆ ಬೇಕಾದ ಯುರೇನಿಯಂ-235 ಇರುವುದು ಶೇ. 0.7 ಮಾತ್ರ. ಹೆಚ್ಚಿನ ವಿದ್ಯುತ್ ಸ್ಥಾವರಗಳಿಗೆ ಅದು ಶೇ. 3ರಿಂದ 5ರಷ್ಟಿದ್ದರೆ ಸಾಕು. ಬಾಂಬಿಗಾದರೆ ಸಾಮಾನ್ಯವಾಗಿ ಶೇ. 90. ಅಷ್ಟಕ್ಕೆ ಏರಿಸಲು ಭಾರೀ ಕಾರ್ಖಾನೆ, ಅಪಾರ ಹಣ, ಹಲವು ವರ್ಷ ಬೇಕು. ಇದು ಸರ್ಕಾರಗಳಿಗಷ್ಟೇ ಆಗುವ ಕೆಲಸ. ಹೀಗಾಗಿ ಭಯೋತ್ಪಾದಕರಿಗೆ ಉಳಿಯುವುದು ಎರಡೇ ದಾರಿ: ಕದಿಯುವುದು ಇಲ್ಲವೇ ಕೊಳ್ಳುವುದು.

ಬೀಗ ಹಾಕಿದ ಗೋದಾಮು

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅದರ ಅಣು ಸಾಮಗ್ರಿ ಹೊಸದಾಗಿ ಹುಟ್ಟಿದ ದೇಶಗಳಲ್ಲಿ ಅಲ್ಲಲ್ಲೇ ಉಳಿದುಹೋಯಿತು. ಕಾರ್ಖಾನೆಗಳಿಗೆ ಹಣವಿಲ್ಲ, ಕಾರ್ಮಿಕರಿಗೆ ಸರಿಯಾಗಿ ಸಂಬಳವಿಲ್ಲ.

ಕಜಕಸ್ತಾನದ ಉಸ್ತ್-ಕಾಮೆನೊಗೋರ್ಸ್ಕ್ ನಗರದ ಉಲ್ಬಾ ಲೋಹ ಕಾರ್ಖಾನೆಯಲ್ಲಿ ಹೀಗೆ ಉಳಿದದ್ದು ಸುಮಾರು 600 ಕಿಲೋ ಯುರೇನಿಯಂ. ಸೋವಿಯತ್ ಜಲಾಂತರ್ಗಾಮಿಗಳ ಇಂಧನಕ್ಕೆಂದು ತಂದದ್ದು. ಅದರಿಂದ 20ಕ್ಕೂ ಹೆಚ್ಚು ಬಾಂಬ್ ತಯಾರಿಸಬಹುದಿತ್ತು. ಅದನ್ನಿಟ್ಟಿದ್ದ ಕಟ್ಟಡದ ಬಾಗಿಲಿಗಿದ್ದ ಕಾವಲೆಂದರೆ ಹಳೇ ಕಾಲದ ಒಂದು ಬೀಗ.

ಮೂರು ದೇಶಗಳ ಮಾತುಕತೆ

1993ರಲ್ಲಿ ಈ ವಿಷಯ ಅಮೆರಿಕ ರಾಯಭಾರ ಕಚೇರಿಯ ಅಧಿಕಾರಿ ಆಂಡಿ ವೆಬರ್ ಅವರಿಗೆ ತಿಳಿಯಿತು. 1994ರ ಆರಂಭದಲ್ಲಿ ಅಮೆರಿಕದ ತಜ್ಞರೊಬ್ಬರು ಮಾದರಿ ಪರೀಕ್ಷಿಸಿದರು. ಶೇ. 90ರ ಯುರೇನಿಯಂ ಎಂಬುದು ಖಚಿತವಾಯಿತು.

ಆದರೆ ಸರಕು ಸಾಗಿಸುವುದು ಸುಲಭವಿರಲಿಲ್ಲ. ಮಾಲು ಕಜಕಸ್ತಾನದ ನೆಲದಲ್ಲಿತ್ತು, ಬಂದದ್ದು ಸೋವಿಯತ್ ಕಾಲದಲ್ಲಿ, ಒಯ್ಯಬೇಕಾದದ್ದು ಅಮೆರಿಕಕ್ಕೆ. ಅಧ್ಯಕ್ಷ ನೂರ್‌ಸುಲ್ತಾನ್ ನಜರ್‌ಬಯೇವ್ ಒಪ್ಪಿದರು. ರಷ್ಯಾಕ್ಕೂ ಮೊದಲೇ ತಿಳಿಸಲಾಯಿತು. ಕಜಕಸ್ತಾನಕ್ಕೆ ಪರಿಹಾರ ಕೊಡುವುದೆಂದು ತೀರ್ಮಾನವಾಯಿತು. ಗುಟ್ಟು ಹೊರಬಿದ್ದರೆ ಕಳ್ಳರಿಗೆ ವಿಳಾಸ ಕೊಟ್ಟಂತಾಗುತ್ತದೆಂದು ಎಲ್ಲರೂ ಬಾಯಿ ಬಿಗಿಹಿಡಿದರು.

1994ರ ಅಕ್ಟೋಬರ್‌ನಲ್ಲಿ 31 ಮಂದಿಯ ಅಮೆರಿಕ ತಂಡ ಉಲ್ಬಾಕ್ಕೆ ಬಂತು. ವಾರಗಟ್ಟಲೆ ದುಡಿದು, ಸಾವಿರಕ್ಕೂ ಹೆಚ್ಚು ಡಬ್ಬಿಗಳಲ್ಲಿದ್ದ ಸರಕನ್ನು ತೂಗಿ, ಭದ್ರವಾಗಿ ತುಂಬಿತು. ನವೆಂಬರ್‌ನಲ್ಲಿ ದೈತ್ಯ ಸಿ-5 ವಿಮಾನಗಳು ಅದನ್ನು ಹೊತ್ತೊಯ್ದವು. ನವೆಂಬರ್ 23ರಂದಷ್ಟೇ ಲೋಕಕ್ಕೆ ಸುದ್ದಿ ತಿಳಿಯಿತು. ಕಾರ್ಯಾಚರಣೆಯ ಹೆಸರು 'ಪ್ರಾಜೆಕ್ಟ್ ಸಫೈರ್'.

ನಿಯಮಗಳು ಬಂದವು

ಒಂದು ಗೋದಾಮು ಖಾಲಿಯಾಯಿತು. ಬೇರೆಡೆ? 2002ರಲ್ಲಿ ಸರ್ಬಿಯಾದ ವಿಂಚಾದಿಂದ 48 ಕಿಲೋ ಯುರೇನಿಯಂ ರಷ್ಯಾಕ್ಕೆ ಮರಳಿತು. 2004ರಲ್ಲಿ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1540ನೇ ನಿರ್ಣಯ, ಇಂಥ ಸಾಮಗ್ರಿ ಭಯೋತ್ಪಾದಕರ ಕೈ ಸೇರದಂತೆ ಕಾನೂನು ಮಾಡುವುದನ್ನು ಎಲ್ಲ ದೇಶಗಳಿಗೂ ಕಡ್ಡಾಯಗೊಳಿಸಿತು. 2005ರಲ್ಲಿ ಅಣು ಭಯೋತ್ಪಾದನೆ ವಿರುದ್ಧ ಪ್ರತ್ಯೇಕ ಒಪ್ಪಂದವಾಯಿತು. ಭಾರತವೂ ಅದನ್ನು ಅನುಮೋದಿಸಿದೆ. 2010ರಿಂದ 2016ರವರೆಗೆ ನಾಲ್ಕು ಶೃಂಗಸಭೆಗಳು ನಡೆದವು.

ಆದರೆ ದೇಶಗಳ ನಂಟು ಹಳಸಿದರೆ ಈ ಕೆಲಸಕ್ಕೂ ಪೆಟ್ಟು. 2014ರ ಕ್ರಿಮಿಯಾ ಪ್ರಕರಣದ ನಂತರ ಅಮೆರಿಕ-ರಷ್ಯಾ ಸಹಕಾರ ಸೊರಗಿತು. 2016ರ ಸಭೆಗೆ ರಷ್ಯಾ ಬರಲೇ ಇಲ್ಲ.

ನಮಗೇನು ಸಂಬಂಧ?

ಅಪಾಯ ಬಾಂಬ್ ಒಂದೇ ಅಲ್ಲ. ಆಸ್ಪತ್ರೆ, ಕಾರ್ಖಾನೆ, ಪ್ರಯೋಗಾಲಯಗಳ ವಿಕಿರಣ ಉಪಕರಣಗಳೂ ದಾರಿ ತಪ್ಪಬಹುದು. ಸ್ಫೋಟಕದ ಜತೆ ಸೇರಿಸಿ ವಿಕಿರಣ ಚೆಲ್ಲುವ 'ಡರ್ಟಿ ಬಾಂಬ್' ಮಾಡುವ ಭಯ ಇರುವುದು ಇಂಥವುಗಳಿಂದಲೇ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್-60 ಇದ್ದ ಹಳೇ ಯಂತ್ರ ಬಂದು, ಬಿಚ್ಚಿದವರು ಆಸ್ಪತ್ರೆ ಸೇರಿದರು. ಒಬ್ಬರು ಸತ್ತರು. ಅದು ಭಯೋತ್ಪಾದನೆಯಲ್ಲ, ಅಜಾಗ್ರತೆ. ಆದರೆ ಕಳಕೊಂಡ ವಸ್ತು ಯಾರ ಕೈಗೆ ಸೇರುತ್ತದೋ ಹೇಳಲಾಗದು. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ಗುರುತಿರುವ ಯಾವುದೇ ವಸ್ತು ಗುಜರಿಯಲ್ಲಿ ಕಂಡರೆ ಮುಟ್ಟಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ.

ಉಲ್ಬಾ ಕಾರ್ಖಾನೆ ಈಗಲೂ ಇದೆ. ಅದೇ ಆವರಣದಲ್ಲಿ 2017ರಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಇಂಧನ ಬ್ಯಾಂಕ್ ತೆರೆಯಿತು. ಅಲ್ಲಿಡುವುದು ವಿದ್ಯುತ್ತಿಗೆ ಬೇಕಾದ ಕಡಿಮೆ ಸಾಂದ್ರತೆಯ ಯುರೇನಿಯಂ. ಬೇರೆಲ್ಲೂ ಇಂಧನ ಸಿಗದ ದೇಶಕ್ಕೆ ಅಲ್ಲಿಂದ ಕೊಡಬಹುದು. ಆಗ ಪ್ರತಿ ದೇಶವೂ ತನ್ನದೇ ಕಾರ್ಖಾನೆ ಕಟ್ಟುವ ಅಗತ್ಯ ಬೀಳದು.